ಲಿಪಿಕಾರನ ಸಹಿ: ರಾಯದುರ್ಗ-ಮಡಕಶಿರಾ ಗಡಿಯಿಂದ ನೋಡಿದ ಡಿಜಿಟಲ್ ಧಮ್ಮ ಸಂವಹನ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಭಾಗವಿದೆ.)

ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ಇವತ್ತು ಬುದ್ಧನ ಮಾತನ್ನು ಜನರಿಗೆ ತಲುಪಿಸುವುದು ಒಂದು ಪೂರ್ಣಾವಧಿ ಕೆಲಸ ಆಗಿದೆ. ಜಾಲತಾಣ ಕಟ್ಟುವವರು, ಸುತ್ತಗಳನ್ನು ಅನುವಾದಿಸಿ ಏರಿಸುವವರು, ಧ್ವನಿ ಮುದ್ರಿಸುವವರು, ಪೋಸ್ಟರ್ ಮಾಡಿ ಹಂಚುವವರು ಎಲ್ಲರೂ ಇದ್ದಾರೆ. ಈ ಕೆಲಸವನ್ನು ನಾವು ಸಾಹಿತ್ಯದ ವಿದ್ಯಾರ್ಥಿಗಳು ವಿಮರ್ಶೆಯ ವಸ್ತು ಅಂತ ನೋಡಿದ್ದು ಕಡಿಮೆ. ಪಠ್ಯವನ್ನು ವಿಮರ್ಶೆ ಮಾಡ್ತೀವಿ, ಅನುವಾದವನ್ನು ಮಾಡ್ತೀವಿ, ಆದರೆ ಪಠ್ಯವನ್ನು ನಮ್ಮ ಕೈಗೆ ತಂದುಕೊಟ್ಟ ವ್ಯವಸ್ಥೆಯನ್ನು ತಂತ್ರಜ್ಞಾನ ಅಂತ ಪಕ್ಕಕ್ಕಿಡ್ತೀವಿ. ತಲುಪಿಸುವ ರೀತಿಯೇ ಪಠ್ಯದ ಅರ್ಥವನ್ನು ತೀರ್ಮಾನಿಸುತ್ತದೆ ಎನ್ನುವುದು ಈ ಪ್ರಬಂಧದ ವಾದ. ಅದನ್ನು ನೋಡಲು ಬೆಂಗಳೂರು ಮೈಸೂರಿಗಿಂತ ರಾಯದುರ್ಗ ಮತ್ತು ಮಡಕಶಿರಾ ಒಳ್ಳೆಯ ಜಾಗ ಅಂತ ನನಗನಿಸುತ್ತೆ. ಯಾಕೆ ಅನ್ನೋದನ್ನ ಮೊದಲು ಹೇಳ್ತೀನಿ.

1. ಗಡಿ ಅಂದರೆ ಎಲ್ಲಿ?

ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ದಿನ ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಮಡಕಶಿರಾದ ಕಥೆ ಬೇರೆ. ಸುತ್ತ ಶಿರಾ, ಪಾವಗಡ, ಮಧುಗಿರಿ, ನಡುವೆ ಮಡಕಶಿರಾ. ಅದೇ ತಾಲ್ಲೂಕಿನ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ಕನ್ನಡ ಶಾಸನಗಳನ್ನು ನಾವೆಲ್ಲ ಪಠ್ಯದಲ್ಲಿ ಓದಿದ್ದೀವಿ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಇಲ್ಲಿ ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ತೆಲುಗು ಓದುವವರಿದ್ದಾರೆ, ಕನ್ನಡ ಮಾಧ್ಯಮದಲ್ಲಿ ಓದಿದವರೂ ಇದ್ದಾರೆ. ಅಂದರೆ ಮಾತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. 'ಕನ್ನಡದಲ್ಲಿ ಕೊಟ್ಟಿದ್ದೀವಿ' ಅಂತ ಯಾರಾದರೂ ಹೇಳಿದಾಗ ಕನ್ನಡ ಭಾಷೆಯೋ, ಕನ್ನಡ ಲಿಪಿಯೋ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಏಳುವುದಿಲ್ಲ. ಇಲ್ಲಿ ಏಳುತ್ತೆ. ಬೌದ್ಧ ಪಠ್ಯಗಳ ಡಿಜಿಟಲ್ ಪ್ರಸಾರದ ಮುಖ್ಯ ಪ್ರಶ್ನೆಯೂ ಇದೇ.

2. ಪಕ್ಕದ ಬಂಡೆಗಳು

ರಾಯದುರ್ಗದ ಗಡಿಗೆ ಅಂಟಿಕೊಂಡ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರ ಮೂರು ಕಡೆ ಅಶೋಕನ ಕಿರು ಬಂಡೆ ಶಾಸನಗಳಿವೆ. ಬಿ.ಎಲ್. ರೈಸ್ ಇವನ್ನು 1892ರಲ್ಲಿ ಬೆಳಕಿಗೆ ತಂದರು. ಇನ್ನೊಂದು ದಿಕ್ಕಿಗೆ, ಅನಂತಪುರ ಜಿಲ್ಲೆಯ ಗುತ್ತಿಯ ಹತ್ತಿರ, ಕರ್ನೂಲು ಜಿಲ್ಲೆಗೆ ಸೇರಿದ ಎರ್ರಗುಡಿಯಲ್ಲಿ 1929ರಲ್ಲಿ ಕಿರು ಶಾಸನಗಳ ಜೊತೆಗೆ ಹದಿನಾಲ್ಕು ದೊಡ್ಡ ಶಾಸನಗಳೂ ಸಿಕ್ಕವು. ಅಂದರೆ ಈ ಸೀಮೆ ಭಾರತದಲ್ಲೇ ಧಮ್ಮ ಸಂದೇಶಗಳು ದಟ್ಟವಾಗಿ ಬಿದ್ದ ನೆಲಗಳಲ್ಲಿ ಒಂದು.

ಇವನ್ನು ಸಂವಹನದ ಪಠ್ಯಗಳಾಗಿ ಓದಿದರೆ ನಾಲ್ಕು ಸಂಗತಿ ಕಾಣುತ್ತವೆ.

ಒಂದು, ಕಿರು ಶಾಸನ ತನ್ನನ್ನು ತಾನು 'ಸಾವನ' ಅಂತ ಕರೆದುಕೊಳ್ಳುತ್ತದೆ. ಶ್ರಾವಣ, ಅಂದರೆ ಕೇಳಿಸುವಂಥದ್ದು. ಬಂಡೆಯ ಮೇಲೆ ಇದ್ದರೂ ಅದು ಕಿವಿಗಾಗಿ ಇರುವ ಪಠ್ಯ. ಎರ್ರಗುಡಿಯ ಪಾಠದಲ್ಲಂತೂ ರಜ್ಜುಕರೆಂಬ ಅಧಿಕಾರಿಗಳಿಗೆ ಅಪ್ಪಣೆ ಕೊಡಬೇಕು, ಅವರು ಭೇರಿ ಹೊಡೆಸಿ ಜನಪದಕ್ಕೆ ತಿಳಿಸಬೇಕು, ಆನೆ ಏರುವವರು, ಕರಣಿಕರು, ಬ್ರಾಹ್ಮಣ ಉಪಾಧ್ಯಾಯರು ತಂತಮ್ಮ ಶಿಷ್ಯರಿಗೆ ಕಲಿಸಬೇಕು ಎಂಬ ವಿವರ ಇದೆ. ಬಂಡೆ ಮೂಲಪ್ರತಿ, ಪ್ರಸಾರ ಆಗೋದು ಬಾಯಿಂದ.

ಎರಡು, ಪಠ್ಯದ ಜೊತೆಗೆ 256 ಎಂಬ ಸಂಖ್ಯೆ ಬರುತ್ತದೆ. ಪ್ರಯಾಣದಲ್ಲಿ ಕಳೆದ 256 ರಾತ್ರಿಗಳು ಎಂದು ಅದನ್ನು ಹೆಚ್ಚಾಗಿ ಅರ್ಥ ಮಾಡುತ್ತಾರೆ. ಸಂದೇಶ ಯಾವ ಸಂದರ್ಭದಲ್ಲಿ ಹೊರಟಿತು ಎಂಬ ಗುರುತು ಸಂದೇಶದ ಒಳಗೇ ಇದೆ.

ಮೂರು, ಹೇಳುವವನು ತನ್ನ ಸ್ಥಿತಿಯನ್ನು ಮೊದಲು ಹೇಳುತ್ತಾನೆ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದೆ, ಆದರೆ ಹೆಚ್ಚು ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದಮೇಲೆ ಶ್ರಮಪಟ್ಟೆ ಎನ್ನುವ ಆಶಯ ಅಲ್ಲಿದೆ. ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಇದನ್ನು ಸಾಧಿಸಬಹುದು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ.

ನಾಲ್ಕು, ನಮಗೆ ಬಹಳ ಮುಖ್ಯವಾದದ್ದು: 'ಅಂತ'ರು, ಅಂದರೆ ಅಂಚಿನಲ್ಲಿ ಇರುವವರು, ಗಡಿಯಾಚೆಯವರು ಕೂಡ ಇದನ್ನು ತಿಳಿಯಲಿ ಎಂಬ ಆಶಯ. ಗಡಿ ಅನ್ನುವುದು ಈ ಪಠ್ಯಕ್ಕೆ ನಾವು ಹೊರಗಿನಿಂದ ತಂದು ಅಂಟಿಸಿದ ಚಿಂತೆ ಅಲ್ಲ, ಅದು ಪಠ್ಯದ ಒಳಗಿನದೇ ಚಿಂತೆ.

ಇಷ್ಟಾದರೂ ಒಂದು ಟೀಕೆ ಮಾಡಲೇಬೇಕು. ಅಶೋಕನ ಆಡಳಿತ ವಾಯವ್ಯದ ಗಡಿಗೆ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲೇ ಬರೆಸಿತು. ಎರಡೂ ಭಾಷೆ ಇರುವ ಕಂದಹಾರದ ಶಾಸನ 1958ರಲ್ಲಿ ಸಿಕ್ಕಿದೆ. ನಮ್ಮ ಕಡೆಗೆ ಬಂದದ್ದು ಮಾತ್ರ ಪ್ರಾಕೃತ. ಬ್ರಹ್ಮಗಿರಿ ಶಾಸನದ 'ಇಸಿಲ' ಎಂಬ ಊರ ಹೆಸರನ್ನು ಕನ್ನಡ ಮೂಲದ್ದು ಅಂತ ಓದಿದ ವಿದ್ವಾಂಸರಿದ್ದಾರೆ. ಅದನ್ನು ಒಪ್ಪಿಕೊಂಡರೂ ನಮ್ಮ ಪಾಲಿಗೆ ಸಿಕ್ಕಿದ್ದು ಒಂದು ಊರ ಹೆಸರು ಮಾತ್ರ. ಸ್ಥಳೀಯ ಭಾಷೆಗೆ ಅರ್ಥ ಹೇಳುವ ಕೆಲಸವನ್ನು ಯಾರೋ ಅಧಿಕಾರಿಯ ಬಾಯಿಗೆ ಬಿಡಲಾಗಿತ್ತು, ಆ ಬಾಯಿ ದಾಖಲೆಯಲ್ಲಿ ಉಳಿಯಲಿಲ್ಲ. ಗಡಿಯವರೂ ತಿಳಿಯಲಿ ಎಂಬ ಮಾತಿಗೂ ಗಡಿಯವರ ಭಾಷೆಗೂ ಇರುವ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇದೇ ಅಂತರ ಡಿಜಿಟಲ್‌ನಲ್ಲೂ ಬರುತ್ತೆ.

3. ಚಪಡ ಮತ್ತು ಹದಿನಾಲ್ಕನೆಯ ಶಾಸನ

ಮೊಳಕಾಲ್ಮೂರಿನ ಮೂರೂ ಶಾಸನಗಳ ಕೊನೆಗೆ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಆದರೆ 'ಲಿಪಿಕಾರನಿಂದ' ಎನ್ನುವ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಆದ್ದರಿಂದ ಈತ ಆ ಕಡೆಯಿಂದ ಬಂದವನು, ಅಥವಾ ಅಲ್ಲಿ ಕೆಲಸ ಕಲಿತವನು ಅಂತ ಊಹಿಸುತ್ತಾರೆ. ರಾಜನ ಮಾತಿನ ಕೊನೆಯಲ್ಲಿ ಒಬ್ಬ ನೌಕರ ತನ್ನ ಹೆಸರನ್ನೂ ತನ್ನ ಲಿಪಿಯನ್ನೂ ಬಿಟ್ಟು ಹೋಗಿದ್ದಾನೆ. ಧಮ್ಮ ಸಂವಹನವನ್ನೇ ವೃತ್ತಿ ಮಾಡಿಕೊಂಡ, ಹೆಸರು ಗೊತ್ತಿರುವ ವ್ಯಕ್ತಿಗಳಲ್ಲಿ ನಮ್ಮ ನೆಲದ ಮಟ್ಟಿಗೆ ಇವನೇ ಮೊದಲಿಗ.

ಇದರ ಪಕ್ಕಕ್ಕೆ ಎರ್ರಗುಡಿಯಲ್ಲೂ ಇರುವ ಹದಿನಾಲ್ಕನೆಯ ದೊಡ್ಡ ಶಾಸನವನ್ನು ಇಡೋಣ. ಶಾಸನಗಳ ಬಗ್ಗೆಯೇ ಬರೆದ ಶಾಸನ ಅದು. ಕೆಲವು ಕಡೆ ಸಂಕ್ಷೇಪವಾಗಿ, ಕೆಲವು ಕಡೆ ಮಧ್ಯಮವಾಗಿ, ಕೆಲವು ಕಡೆ ವಿಸ್ತಾರವಾಗಿ ಬರೆಸಿದೆ. ವಿಷಯದ ಸಿಹಿಗಾಗಿ ಕೆಲವನ್ನು ಮತ್ತೆ ಮತ್ತೆ ಹೇಳಿದೆ. ಕೆಲವು ಕಡೆ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳದ ಕಾರಣವೋ, ಲಿಪಿಕಾರನ ತಪ್ಪೋ ಇರಬಹುದು ಎಂಬ ಅರ್ಥ ಅದರದು. ಪ್ರಸಾರದ ಸಿದ್ಧಾಂತ ಅಂತ ಇದನ್ನು ಕರೆದರೆ ಅತಿಶಯ ಆಗಲಾರದು.

ಇನ್ನೊಂದು ಶಾಸನ ರಾಜಸ್ಥಾನದ ಬೈರಾಟದ್ದು. ಅಲ್ಲಿ ಅಶೋಕ ಸಂಘಕ್ಕೂ ಗೃಹಸ್ಥರಿಗೂ ಏಳು ಧಮ್ಮಪಾಠಗಳನ್ನು ಹೆಸರು ಹಿಡಿದು ಸೂಚಿಸುತ್ತಾನೆ, ಇವನ್ನು ಕೇಳಿ, ಮನನ ಮಾಡಿ ಅಂತ. ಬ್ರಹ್ಮಗಿರಿಯಲ್ಲಿ ಹೇಳುವುದು ತಂದೆತಾಯಿಯರ ಸೇವೆ, ಪ್ರಾಣಿದಯೆ, ಸತ್ಯ, ಗುರುಗೌರವ, ಅಂದರೆ ಯಾರೂ ಬೇಡ ಅನ್ನಲಾರದ ಸಾಮಾನ್ಯ ನೀತಿ. ಬೈರಾಟದಲ್ಲಿ ಹೇಳುವುದು ನಿರ್ದಿಷ್ಟ ಗ್ರಂಥಭಾಗಗಳನ್ನು. ಎರಡು ಬಗೆಯ ಕೇಳುಗರಿಗೆ ಎರಡು ಬಗೆಯ ಮಾತು. ಆದರೆ ನೀತಿಯ ಮಾತನ್ನು 'ಬುದ್ಧ ಹೀಗೆಂದ' ಅಂತ ಬುದ್ಧನ ಬಾಯಿಗೆ ಹಾಕಿಲ್ಲ, ಅದು ಹಳೆಯ ಕಟ್ಟಳೆ ಎಂದೇ ಹೇಳಿದೆ. ಈ ಪ್ರಾಮಾಣಿಕತೆ ಗಮನಿಸಬೇಕಾದದ್ದು.

ಈ ಬಂಡೆಗಳಿಂದ ನಾನು ಮೂರು ಅಳತೆಗೋಲು ತಗೊಳ್ತೀನಿ. ಯಾರು ಬರೆದರು ಎಂಬ ಸಹಿ ಇದೆಯೇ? ಎಲ್ಲಿಂದ ಬಂತು ಎಂಬ ಗುರುತು ಇದೆಯೇ? ತಪ್ಪಾಗಿರಬಹುದು ಎಂಬ ಒಪ್ಪಿಗೆ ಇದೆಯೇ? ನಾಲ್ಕನೆಯದು ಬಂಡೆಗಳಲ್ಲಿ ಇಲ್ಲದ್ದು, ನಾವೇ ಸೇರಿಸಬೇಕಾದದ್ದು: ಕೇಳುವವರ ಭಾಷೆ ಇದೆಯೇ?

4. 'ಸಕಾಯ ನಿರುತ್ತಿಯಾ': ಯಾರ ಸ್ವಂತ ಮಾತು?

ನಾಲ್ಕನೆಯ ಅಳತೆಗೋಲಿಗೆ ಬೌದ್ಧ ಪರಂಪರೆಯಲ್ಲೇ ಆಧಾರ ಇದೆ. ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಬರುತ್ತೆ. ಬ್ರಾಹ್ಮಣ ಕುಲದಿಂದ ಬಂದ, ಒಳ್ಳೆ ಮಾತುಗಾರರಾದ ಇಬ್ಬರು ಭಿಕ್ಷುಗಳು ಬುದ್ಧನ ಹತ್ತಿರ ದೂರು ತರುತ್ತಾರೆ. ನಾನಾ ಹೆಸರಿನ, ನಾನಾ ಗೋತ್ರದ, ನಾನಾ ಜಾತಿಯ, ನಾನಾ ಕುಲದ ಭಿಕ್ಷುಗಳು 'ಸಕಾಯ ನಿರುತ್ತಿಯಾ', ಅಂದರೆ ಸ್ವಂತ ಮಾತಿನಲ್ಲಿ, ಬುದ್ಧವಚನವನ್ನು ಕೆಡಿಸುತ್ತಿದ್ದಾರೆ, ನಾವು ಅದನ್ನು ಛಂದಸ್ಸಿಗೆ ಏರಿಸುತ್ತೇವೆ ಎನ್ನುವುದು ಅವರ ಬೇಡಿಕೆ. ಬುದ್ಧ ಅದನ್ನು ನಿರಾಕರಿಸಿ, 'ಸಕಾಯ ನಿರುತ್ತಿಯಾ' ಕಲಿಯಲು ಅನುಮತಿ ಕೊಡುತ್ತಾನೆ.

ಇಲ್ಲಿ ಅರ್ಥದ ಜಗಳ ಇದೆ. 'ಸ್ವಂತ' ಅಂದರೆ ಬುದ್ಧನ ಸ್ವಂತ ಮಾತು, ಮಾಗಧಿ, ಅಂತ ಐದನೆಯ ಶತಮಾನದ ಅಟ್ಠಕಥಾಕಾರ ಬುದ್ಧಘೋಷ ಹೇಳಿದರು. ಕಲಿಯುವವರ ಸ್ವಂತ ಮಾತು ಅಂತ ಆಧುನಿಕ ವಿದ್ವಾಂಸರಲ್ಲಿ ಹಲವರು ಓದಿದ್ದಾರೆ. ನಾನು ಎರಡನೆಯ ಪಕ್ಷ. ಕಾರಣ ಸರಳ, ಪ್ರಸಂಗದ ಒಳಗೇ ಇದೆ. ದೂರಿನ ವಾಕ್ಯದಲ್ಲಿ 'ಸ್ವಂತ ಮಾತು' ಅಂದರೆ ಆ ನಾನಾ ಜಾತಿಯ ಭಿಕ್ಷುಗಳ ಮಾತು ಅಂತಲೇ ಅರ್ಥ ಆಗಬೇಕು, ಇಲ್ಲದಿದ್ದರೆ ದೂರಿಗೇ ಅರ್ಥ ಇಲ್ಲ. ಎರಡು ಸಾಲಿನ ಕೆಳಗೆ ಅದೇ ಪದ ಬಂದಾಗ ಅದರ ಅರ್ಥ ಬದಲಾಯಿತು ಅನ್ನೋದಕ್ಕೆ ಪಠ್ಯದಲ್ಲಿ ಸೂಚನೆ ಇಲ್ಲ. ಬುದ್ಧ ಒಪ್ಪಿದ್ದು ಯಾರ ಮಾತು 'ಕೆಡಿಸುತ್ತೆ' ಅಂತ ದೂರು ಬಂತೋ ಅವರ ಮಾತನ್ನೇ. ನಮ್ಮಲ್ಲಿ ಗಡಿನಾಡಿನ ಕನ್ನಡವನ್ನು ಕಲಬೆರಕೆ ಅಂತ ನಗುವವರು ಈ ಪ್ರಸಂಗವನ್ನು ಒಮ್ಮೆ ಓದಬೇಕು.

5. ಲಿಪಿ ಬದಲಾದರೆ ಭಾಷೆ ಬದಲಾಯಿತೇ?

ಈಗ ಡಿಜಿಟಲ್‌ಗೆ ಬರೋಣ. 1954ರಿಂದ 1956ರವರೆಗೆ ರಂಗೂನಿನಲ್ಲಿ ನಡೆದ ಆರನೆಯ ಸಂಗೀತಿ, ಅಂದರೆ ಛಟ್ಠ ಸಂಗಾಯನ, ಪಾಲಿ ತಿಪಿಟಕವನ್ನು ಪರಿಷ್ಕರಿಸಿತು. ಎಸ್.ಎನ್. ಗೋಯೆಂಕಾ ಅವರ ಪರಂಪರೆಯ, ಇಗತ್‌ಪುರಿಯ ವಿಪಶ್ಯನಾ ವಿಶೋಧನ ವಿನ್ಯಾಸ ಆ ಪಾಠವನ್ನು ಅಟ್ಠಕಥೆ, ಟೀಕೆಗಳ ಸಮೇತ ಗಣಕಕ್ಕೆ ಏರಿಸಿತು. 1990ರ ದಶಕದಲ್ಲಿ ಸಿ.ಡಿ. ಬಂತು, ಆಮೇಲೆ ಜಾಲತಾಣ. ಅಲ್ಲಿ ದೇವನಾಗರಿ, ಬರ್ಮಿ, ಸಿಂಹಳ, ಥಾಯ್ ಲಿಪಿಗಳ ಜೊತೆಗೆ ಕನ್ನಡ ಲಿಪಿಯೂ ಇದೆ, ತೆಲುಗು ಲಿಪಿಯೂ ಇದೆ. ಪಾಲಿಗೆ ತನ್ನದೇ ಅಂತ ಲಿಪಿ ಇಲ್ಲದ್ದರಿಂದ ಇದು ಸಾಧ್ಯ ಆಗುತ್ತೆ.

ಇದು ಸಣ್ಣ ಸಾಧನೆ ಅಲ್ಲ. ಒಂದು ಗ್ರಂಥಾಲಯದ ಕಪಾಟಿನಲ್ಲಿ ಹಿಡಿಸದಷ್ಟು ಪಠ್ಯ ಮಡಕಶಿರಾದ ಹುಡುಗಿಯ ಮೊಬೈಲಿನಲ್ಲಿ ಅವಳಿಗೆ ಗೊತ್ತಿರುವ ಅಕ್ಷರದಲ್ಲಿ ತೆರೆಯುತ್ತೆ. ಆದರೆ ಅವಳು ಅದನ್ನು ಓದಬಲ್ಲಳೇ ಹೊರತು ಅರ್ಥ ಮಾಡಿಕೊಳ್ಳಲಾರಳು. ಲಿಪಿ ಕನ್ನಡ, ಭಾಷೆ ಪಾಲಿ. ನನ್ನ ಪ್ರಕಾರ ಇದು ಬುದ್ಧಘೋಷರ ವ್ಯಾಖ್ಯಾನದ ಡಿಜಿಟಲ್ ರೂಪ: ಮಾತು ಬುದ್ಧನದೇ ಇರಲಿ, ಉಡುಪು ಮಾತ್ರ ನಿನ್ನದು. ಕಲಿಯುವವರ ಮಾತಿಗೆ ತರುವ ಇನ್ನೊಂದು ವ್ಯಾಖ್ಯಾನಕ್ಕೆ ಯಂತ್ರ ಸಾಲದು, ಅನುವಾದಕರು ಬೇಕು.

ತಾಂತ್ರಿಕ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಯೂನಿಕೋಡಿನಲ್ಲಿ ತೆಲುಗಿಗೆ 128 ಸ್ಥಾನಗಳ ಒಂದು ಪಟ್ಟಿ, ಅದು ಮುಗಿದ ಕೂಡಲೇ ಕನ್ನಡಕ್ಕೆ 128 ಸ್ಥಾನಗಳ ಇನ್ನೊಂದು ಪಟ್ಟಿ. ಎರಡರ ಜೋಡಣೆಯೂ ಸಮಾನಾಂತರ. ತೆಲುಗಿನ 'ಕ'ಕಾರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ 'ಕ'ಕಾರ ಬರುತ್ತೆ. 'ಮ', 'ರ', 'ಲ' ಎಲ್ಲಕ್ಕೂ ಅದೇ ಲೆಕ್ಕ. ಅಂದರೆ ರಾಯದುರ್ಗದಲ್ಲಿ ಕನ್ನಡ ಮಾತಾಡಿ ತೆಲುಗು ಓದುವ ಮನುಷ್ಯನಿಗೆ ಕನ್ನಡ ವಾಕ್ಯವನ್ನು ತೆಲುಗು ಅಕ್ಷರದಲ್ಲಿ ತೋರಿಸುವುದು ಗಣಕಕ್ಕೆ ಹೆಚ್ಚುಕಡಿಮೆ ಒಂದು ಕೂಡುವ-ಕಳೆಯುವ ಲೆಕ್ಕ. ಪಾಲಿಯನ್ನು ಕನ್ನಡ ಲಿಪಿಯಲ್ಲಿ ಕೊಡುವ ತಂತ್ರವೇ ಕನ್ನಡವನ್ನು ತೆಲುಗು ಲಿಪಿಯಲ್ಲಿ ಕೊಡಬಲ್ಲದು. ಇದು ಕನ್ನಡ ಲಿಪಿಗೆ ದ್ರೋಹ ಅಂತ ಕೆಲವರಿಗೆ ಅನಿಸಬಹುದು. ಕನ್ನಡ ಕಿವಿಗೆ ಬಿದ್ದರೆ ಅಕ್ಷರ ಹಿಂದೆ ಬರುತ್ತೆ ಅಂತ ನನ್ನ ನಂಬಿಕೆ. ಶಾಸನ ತನ್ನನ್ನು 'ಸಾವನ' ಅಂತ ಕರೆದುಕೊಂಡಿದ್ದು ನೆನಪಿರಲಿ.

ಲಿಪಿಯ ಇನ್ನೊಂದು ಅಪಾಯ ಮರೆವು. ಬ್ರಾಹ್ಮಿಯನ್ನು ಓದುವುದು ಜನಕ್ಕೆ ಮರೆತು ಹೋಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸುವವರೆಗೆ ಅಶೋಕನ ಮಾತು ಕಲ್ಲಿನ ಗೀಟು ಮಾತ್ರ ಆಗಿತ್ತು. ನಮ್ಮ ಕಾಲದಲ್ಲಿ ಈ ಮರೆವಿಗೆ ಶತಮಾನಗಳು ಬೇಕಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಮೊಬೈಲಿನಲ್ಲಿ ತೆರೆದು ನೋಡಿ, ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತೆ. ಆ ಕಾಲದಲ್ಲಿ ಜೋಡಿಸಿದ ಪುಸ್ತಕ, ಬೌದ್ಧ ಗ್ರಂಥವೂ ಸೇರಿ, ಯೂನಿಕೋಡಿಗೆ ಬಾರದಿದ್ದರೆ ಹುಡುಕುವವರ ಪಾಲಿಗೆ ಇಲ್ಲದ ಹಾಗೇ. ಚಪಡನ ಖರೋಷ್ಠಿ 2005ರಲ್ಲಿ, ಬ್ರಾಹ್ಮಿ 2010ರಲ್ಲಿ ಯೂನಿಕೋಡಿಗೆ ಸೇರಿದವು. ಎರಡು ಸಾವಿರ ವರ್ಷದ ಹಿಂದಿನ ಲಿಪಿಕಾರನ ಪದವನ್ನು ಇವತ್ತು ಟೈಪು ಮಾಡಬಹುದು, ಇಪ್ಪತ್ತು ವರ್ಷದ ಹಿಂದಿನ ಕನ್ನಡ ಕಡತವನ್ನು ಓದಲು ಪರಿವರ್ತಕ ಹುಡುಕಬೇಕು.

6. ಬೆಂಗಳೂರಿನ ಧಮ್ಮಪದ ಹೋದ ದಾರಿ

1956ನ್ನು ಗಮನಿಸಿ. ರಂಗೂನಿನ ಸಂಗೀತಿ ಮುಗಿದದ್ದು ಆ ವರ್ಷ. ಬಾಬಾಸಾಹೇಬ್ ಅಂಬೇಡ್ಕರ್ ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದದ್ದು ಆ ವರ್ಷದ ಅಕ್ಟೋಬರ್ 14. ಕನ್ನಡ ನಾಡು ಒಂದಾದದ್ದು, ರಾಯದುರ್ಗ-ಮಡಕಶಿರಾ ಆಚೆಯೇ ಉಳಿದದ್ದು ನವೆಂಬರ್ 1. ಅದೇ ವರ್ಷ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿಯನ್ನು ಕಟ್ಟಿದರು.

ಬುದ್ಧರಕ್ಖಿತರು ಧಮ್ಮಪದದ 423 ಗಾಥೆಗಳನ್ನು ಇಂಗ್ಲಿಷಿಗೆ ತಂದರು. ಶ್ರೀಲಂಕಾದ ಕ್ಯಾಂಡಿಯ ಬುದ್ಧಿಸ್ಟ್ ಪಬ್ಲಿಕೇಷನ್ ಸೊಸೈಟಿ ಅದನ್ನು 1985ರಲ್ಲಿ ಪ್ರಕಟಿಸಿತು. ಅಮೆರಿಕದ ಜಾನ್ ಬುಲಿಟ್ 1993ರಲ್ಲಿ, ಫೋನ್ ತಂತಿಯ ಮೂಲಕ ಸಂಪರ್ಕಿಸುವ ಒಂದು ಸಣ್ಣ ಗಣಕ ವ್ಯವಸ್ಥೆಯಾಗಿ 'ಆಕ್ಸೆಸ್ ಟು ಇನ್‌ಸೈಟ್' ಶುರು ಮಾಡಿದರು. ಆಮೇಲೆ ಅದು ಜಾಲತಾಣವಾಗಿ ಬೆಳೆದಾಗ ಬುದ್ಧರಕ್ಖಿತರ ಅನುವಾದ ಅದರಲ್ಲಿ ಸೇರಿ ಜಗತ್ತಿಗೆ ಉಚಿತವಾಗಿ ಸಿಕ್ಕಿತು. ಒಬ್ಬ ಮನುಷ್ಯ ಎರಡು ದಶಕ ಶ್ರದ್ಧೆಯಿಂದ ಮಾಡಿದ ಡಿಜಿಟಲ್ ಕೆಲಸ ಅದು. ಪ್ರತಿ ಪಠ್ಯಕ್ಕೂ ಅನುವಾದಕರ ಹೆಸರು, ಮೂಲದ ಉಲ್ಲೇಖ, ಹಂಚುವ ನಿಯಮ ಅಲ್ಲಿವೆ. ಸಹಿ ಇದೆ, ಗುರುತು ಇದೆ. 2005ರಲ್ಲಿ ಆರಂಭವಾದ ಸುತ್ತಸೆಂಟ್ರಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಭಿಕ್ಖು ಸುಜಾತೊ ತಾವು ಮಾಡಿದ ನಾಲ್ಕು ನಿಕಾಯಗಳ ಅನುವಾದವನ್ನು 2018ರಲ್ಲಿ ಹಕ್ಕುಸ್ವಾಮ್ಯವನ್ನೇ ಬಿಟ್ಟುಕೊಟ್ಟು ಹೊರತಂದರು.

ಬೆಂಗಳೂರಿನಿಂದ ಹೊರಟ ಧಮ್ಮಪದ ಕ್ಯಾಂಡಿಗೆ ಹೋಗಿ, ಅಮೆರಿಕಕ್ಕೆ ಹೋಗಿ, ರಾಯದುರ್ಗದ ಮೊಬೈಲಿಗೆ ವಾಪಸು ಬಂತು, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬೌದ್ಧ ಸಾಹಿತ್ಯ ಬಡವಾಗಿಲ್ಲ. ಜಿ.ಪಿ. ರಾಜರತ್ನಂ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಇನ್ನೊಂದು ಗಡಿಯಾದ ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕೊನೆಯ ದಿನಗಳ ಮೇಲೆ 'ವೈಶಾಖಿ' ಬರೆದರು. ಅಂಬೇಡ್ಕರರ 'ಬುದ್ಧ ಮತ್ತು ಆತನ ಧಮ್ಮ' ಕನ್ನಡದಲ್ಲಿದೆ. ಕೊರತೆ ಇರೋದು ಜೋಡಣೆಯಲ್ಲಿ. ಗಾಥೆ ಸಂಖ್ಯೆ ಕೊಟ್ಟರೆ ಪಾಲಿ, ಕನ್ನಡ, ಅನುವಾದಕರ ಹೆಸರು ಒಟ್ಟಿಗೆ ಸಿಗುವಂತೆ ಇವನ್ನೆಲ್ಲ ಹೆಣೆಯುವ ಲಿಪಿಕಾರರು ಬೇಕಾಗಿದ್ದಾರೆ.

7. ಕಾಲಾಮರಿಗೆ ಹೇಳಿದ್ದು, ನಮಗೆ ಬಂದದ್ದು

ಹೆಚ್ಚು ಜನ ಬುದ್ಧನನ್ನು ಭೇಟಿ ಮಾಡೋದು ಜಾಲತಾಣದಲ್ಲಿ ಅಲ್ಲ, ವಾಟ್ಸಾಪ್‌ನಲ್ಲಿ. ಬುದ್ಧ ಪೂರ್ಣಿಮೆಗೆ ಬರುವ ಪೋಸ್ಟರುಗಳಲ್ಲಿ ಬಹಳ ಜನಪ್ರಿಯವಾದದ್ದು ಕೇಸಪುತ್ತದ ಕಾಲಾಮರಿಗೆ ಹೇಳಿದ ಸುತ್ತದ ಸಾರ. ಪೋಸ್ಟರಿನ ಧಾಟಿ ಇದು: ಯಾರು ಹೇಳಿದರೂ ನಂಬಬೇಡ, ಶಾಸ್ತ್ರ ಹೇಳಿದರೂ ನಂಬಬೇಡ, ನಿನ್ನ ಬುದ್ಧಿಗೆ ಒಪ್ಪಿದ್ದನ್ನು ಮಾತ್ರ ನಂಬು.

ಅಂಗುತ್ತರ ನಿಕಾಯದ ಸುತ್ತವನ್ನು ತೆಗೆದು ನೋಡಿ. ಕೇಳಿಕೆ, ಪರಂಪರೆ, ವದಂತಿ, ಗ್ರಂಥಪ್ರಾಮಾಣ್ಯ ಇವುಗಳಿಂದ ಮಾತ್ರ ಒಪ್ಪಬೇಡಿ ಅಂತ ಇರೋದು ನಿಜ. ಆದರೆ ಅದೇ ಪಟ್ಟಿಯಲ್ಲಿ ತರ್ಕವೂ ಇದೆ, ಅನುಮಾನವೂ ಇದೆ, ತನ್ನ ದೃಷ್ಟಿಗೆ ಹೊಂದಿತು ಎಂಬ ತೃಪ್ತಿಯೂ ಇದೆ. ಅಂದರೆ 'ನನ್ನ ಬುದ್ಧಿಗೆ ಒಪ್ಪಿತು' ಅನ್ನೋದು ಕೂಡ ಸಾಕಾಗಲ್ಲ. ಯಾವುದು ಹಾನಿಕರ, ಯಾವುದು ಹಿತಕರ, ಯಾವುದನ್ನು ತಿಳಿದವರು ನಿಂದಿಸುತ್ತಾರೆ, ಯಾವುದನ್ನು ಹೊಗಳುತ್ತಾರೆ ಎಂಬುದನ್ನು ತಾವೇ ಅರಿಯಿರಿ ಅಂತ ಸುತ್ತ ಮುಂದುವರಿಯುತ್ತೆ. ಲೋಭ, ದ್ವೇಷ, ಮೋಹ ಏನು ಮಾಡುತ್ತವೆ ಅಂತ ಒಂದೊಂದಾಗಿ ಕೇಳುತ್ತೆ. ಪೋಸ್ಟರಿನಲ್ಲಿ ಪರೀಕ್ಷೆಗೆ ಒಳಗಾಗೋದು ಹೊರಗಿನವರು ಮಾತ್ರ. ಸುತ್ತದಲ್ಲಿ ಪರೀಕ್ಷೆಗೆ ಒಳಗಾಗೋದು ಓದುವ ನಾನೂ ಕೂಡ.

ಈ ಪೋಸ್ಟರುಗಳನ್ನು ಹಂಚುವವರನ್ನು ಹಗುರವಾಗಿ ನೋಡುವುದು ನನ್ನ ಉದ್ದೇಶ ಅಲ್ಲ. ಶಾಸ್ತ್ರದ ಹೆಸರಿನಲ್ಲಿ ಶತಮಾನಗಳ ಕಾಲ ಹೊರಗಿಡಲ್ಪಟ್ಟ ಸಮುದಾಯಗಳಿಗೆ 'ಶಾಸ್ತ್ರ ಹೇಳಿದರೂ ನಂಬಬೇಡ' ಎಂಬ ಸಾಲು ಯಾಕೆ ಉಸಿರಿನಂತೆ ಬೇಕಾಯಿತು ಅನ್ನೋದು ಅರ್ಥ ಆಗುತ್ತೆ. ಆ ಸಾಲು ಸುತ್ತದಲ್ಲೂ ಇದೆ. ನನ್ನ ತಕರಾರು ಸಂಕ್ಷೇಪದ ಬಗ್ಗೆಯೂ ಅಲ್ಲ, ಸಂಕ್ಷೇಪವನ್ನು ಹದಿನಾಲ್ಕನೆಯ ಶಾಸನವೇ ಒಪ್ಪಿದೆ. ಸಹಿ, ಗುರುತು, ತಪ್ಪಿನ ಒಪ್ಪಿಗೆ ಮೂರೂ ಇಲ್ಲದಿರುವುದೇ ತಕರಾರು. ಮೂಲೆಯಲ್ಲಿ 'ಅಂಗುತ್ತರ ನಿಕಾಯ, ಕಾಲಾಮ ಸುತ್ತದಿಂದ ಸಂಗ್ರಹಿಸಿದವರು ಇಂಥವರು' ಅಂತ ಒಂದು ಸಾಲು ಇದ್ದಿದ್ದರೆ ಓದುಗ ಮೂಲಕ್ಕೆ ಹೋಗಬಹುದಿತ್ತು. 'ಬುದ್ಧ' ಅಂತ ಮಾತ್ರ ಇದ್ದರೆ ಮತ್ತೆ ಯಾರೋ ಹೇಳಿದ್ದನ್ನು ನಂಬಿದ ಹಾಗಾಯಿತು. ಪೋಸ್ಟರ್ ತಾನು ಹೇಳುವುದನ್ನೇ ತಾನು ಮುರಿಯುತ್ತೆ.

8. ನಮ್ಮಲ್ಲೇ ಇರುವ ಪದಗಳು

ಕನ್ನಡಕ್ಕೆ ತರುವಾಗ ಯಾವ ಕನ್ನಡ? ನಮ್ಮ ಬೌದ್ಧ ಬರಹಗಳಲ್ಲಿ ಪಾಲಿ ಪದ ಬಂದ ಕೂಡಲೇ ಸಂಸ್ಕೃತಕ್ಕೆ ಹಿಂತಿರುಗಿಸುವ ಅಭ್ಯಾಸ ಇದೆ. 'ಸಮ್ಮಾದಿಟ್ಠಿ' ಸಮ್ಯಕ್ ದೃಷ್ಟಿ ಆಗುತ್ತೆ, 'ಅಪ್ಪಮಾದ' ಅಪ್ರಮಾದ ಆಗುತ್ತೆ. ಬುದ್ಧ ಬೇಡ ಅಂದ ಕಡೆಗೇ ನಾವು ಹೋದ ಹಾಗೆ.

ಹಳಗನ್ನಡದ ವಿದ್ಯಾರ್ಥಿಗಳಾದ ನಮಗೆ ಬೇರೆ ದಾರಿ ಗೊತ್ತಿರಬೇಕು. ಪಾಲಿಯ 'ಸಗ್ಗ' ನಮ್ಮ ಸಗ್ಗವೇ. 'ದಿಟ್ಠಿ' ನಮ್ಮ ದಿಟ್ಟಿ. 'ಚಾಗ' ನಮ್ಮ ಚಾಗ, ಚಾಗಿ ಅಂದರೆ ದಾನಿ. 'ಸಿರಿ' ಇಂದಿಗೂ ಸಿರಿ. ಶ್ರಮಣ ನಮ್ಮಲ್ಲಿ ಸವಣ ಆದ. ಕೇಶಿರಾಜನ ಕಾಲಕ್ಕೆ ಇವು ತದ್ಭವ ಅಂತ ಪಟ್ಟಿಗೆ ಸೇರಿದವು, ಆದರೆ ಇವು ಪ್ರಾಕೃತದ ಜೊತೆ ನಮಗಿದ್ದ ನೇರ ಸಂಪರ್ಕದ ಕುರುಹುಗಳೂ ಹೌದು. ಇನ್ನು 'ಅಪ್ಪಮಾದ'ಕ್ಕೆ ಬುದ್ಧರಕ್ಖಿತರು ಇಂಗ್ಲಿಷಿನಲ್ಲಿ 'ಹೀಡ್‌ಫುಲ್‌ನೆಸ್' ಅಂತ ಇಟ್ಟರು. ಕನ್ನಡದಲ್ಲಿ ಅದಕ್ಕೆ 'ಎಚ್ಚರ' ಇದೆ. ಹೊಲಕ್ಕೆ ಹೊರಟ ಮಗನಿಗೆ ಅವ್ವ ಹೇಳುವ ಎಚ್ಚರ, ನಿದ್ದೆಯಿಂದ ಏಳುವ ಎಚ್ಚರ, ಎರಡೂ ಅದರಲ್ಲಿವೆ. ಬುದ್ಧ ಎಂಬ ಪದದ ಮೂಲಾರ್ಥವೇ ಎಚ್ಚೆತ್ತವನು. ಇಷ್ಟು ಹತ್ತಿರದ ಪದ ಇಂಗ್ಲಿಷಿಗೂ ಸಿಕ್ಕಿಲ್ಲ.

9. ಲಿಪಿಕಾರಿಕೆ ಒಂದು ವೃತ್ತಿಯಾಗಿ

ಕನ್ನಡ ಎಂ.ಎ. ಮುಗಿಸಿದ ಮೇಲೆ ಏನು ಅಂತ ನಮ್ಮನ್ನು ಎಲ್ಲರೂ ಕೇಳ್ತಾರೆ. ಡಿಜಿಟಲ್ ಸಂವಹನ ಅಂದ ತಕ್ಷಣ ಜಾಹೀರಾತು, ಕಂಟೆಂಟ್ ರೈಟಿಂಗ್ ನೆನಪಾಗುತ್ತೆ. ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವುದು, ಪಾಠಾಂತರ ಗುರುತಿಸುವುದು, ಮೂಲದ ಜೊತೆ ಅನುವಾದವನ್ನು ಹೊಂದಿಸುವುದು, ಓದಿ ಧ್ವನಿ ಮುದ್ರಿಸುವುದು, ಇವೆಲ್ಲ ನಾವು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತ ವಿದ್ಯೆಯೇ. ಮಾಧ್ಯಮ ಮಾತ್ರ ಬೇರೆ.

ಆದರೆ ಧಮ್ಮವನ್ನು ಮಾರಬಾರದು ಎಂಬ ಪರಂಪರೆಗೂ ವೃತ್ತಿಗೂ ಘರ್ಷಣೆ ಇದೆ. ವಿಪಶ್ಯನಾ ಕೇಂದ್ರಗಳು ದಾನದ ಮೇಲೆ ನಡೆಯುತ್ತವೆ, ಆಕ್ಸೆಸ್ ಟು ಇನ್‌ಸೈಟ್ ಉಚಿತವಾಗಿಯೇ ಉಳಿಯಿತು. ಓದುಗನಿಗೆ ಉಚಿತ ಅಂದರೆ ಲಿಪಿಕಾರನಿಗೆ ಸಂಬಳ ಇಲ್ಲ ಅಂತ ಆಗಬೇಕಿಲ್ಲ. ಚಪಡ ರಾಜನ ನೌಕರ, ಆದರೂ ಬಂಡೆ ಓದಲು ಯಾರೂ ದುಡ್ಡು ಕೊಡಲಿಲ್ಲ. ಆ ಖರ್ಚನ್ನು ಹೊರಬೇಕಾದವರು ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಗಡಿನಾಡಿನ ಹೆಸರಿನಲ್ಲಿ ಅನುದಾನ ಹಂಚುವ ಸಂಸ್ಥೆಗಳು. ಗಡಿ ಕನ್ನಡಿಗರಿಗೆ ಸಮ್ಮೇಳನ, ಸನ್ಮಾನದ ಜೊತೆಗೆ ಕೇಳಲು ಸಿಗುವ ಕನ್ನಡವೂ ಬೇಕು. ಧಮ್ಮಪದದ 26 ವಗ್ಗಗಳನ್ನು ರಾಯದುರ್ಗ, ಮಡಕಶಿರಾದ ಮಾತಿನ ಕನ್ನಡದಲ್ಲಿ ಓದಿ, ಓದಿದವರ ಹೆಸರು ಹಾಕಿ, ಪಠ್ಯವನ್ನು ಕನ್ನಡ ಮತ್ತು ತೆಲುಗು ಎರಡೂ ಲಿಪಿಯಲ್ಲಿ ಕೊಡುವುದು ಒಂದು ತಂಡದ ಒಂದು ವರ್ಷದ ಕೆಲಸ. ನಮ್ಮ ವಿಭಾಗದ ಕಿರುಯೋಜನೆಯ ಅಳತೆಗೆ ಅದು ಹೊಂದುತ್ತೆ. ಇಷ್ಟು ಹೇಳಿ ಮಾತು ಮುಗಿಸ್ತೀನಿ.

ಚರ್ಚೆ

ಪ್ರಶ್ನೆ (ಅಧ್ಯಾಪಕರು): ಅಶೋಕನ ಹಿಂದೆ ರಾಜದಂಡ ಇತ್ತು. ಅದನ್ನು ಇವತ್ತಿನ ಸ್ವಯಂಸೇವಕರ ಜೊತೆ ಹೋಲಿಸುವುದು ಎಷ್ಟು ಸರಿ?

ಉತ್ತರ: ಸರಿಯಾದ ಆಕ್ಷೇಪ, ಸರ್. ಅಧಿಕಾರದ ವಿಷಯದಲ್ಲಿ ಹೋಲಿಕೆ ಇಲ್ಲ. ಭೇರಿ ಹೊಡೆಸಿದರೆ ಜನ ಕೇಳಲೇಬೇಕು, ಜಾಲತಾಣವನ್ನು ಮುಚ್ಚಬಹುದು. ನಾನು ಹೋಲಿಸಿದ್ದು ಪಠ್ಯದ ಒಳಗಿನ ಹೊಣೆಗಾರಿಕೆಯ ಗುರುತುಗಳನ್ನು ಮಾತ್ರ. ಅಷ್ಟು ಅಧಿಕಾರ ಇದ್ದ ರಾಜನೇ ಲಿಪಿಕಾರನ ತಪ್ಪು ಇರಬಹುದು ಅಂತ ಬರೆಸಿದ. ಅಧಿಕಾರ ಇಲ್ಲದ ನಮಗೆ ಆ ವಿನಯ ಇನ್ನೂ ಸುಲಭ ಆಗಬೇಕಿತ್ತು.

ಪ್ರಶ್ನೆ (ಸಹಪಾಠಿ): ಕನ್ನಡವನ್ನು ತೆಲುಗು ಲಿಪಿಯಲ್ಲಿ ಕೊಡಲು ಶುರು ಮಾಡಿದರೆ ಗಡಿಯಲ್ಲಿ ಉಳಿದಿರುವ ಕನ್ನಡ ಶಾಲೆಗೆ ಪೆಟ್ಟು ಬೀಳಲ್ವಾ?

ಉತ್ತರ: ಆ ಭಯ ನನಗೂ ಇದೆ. ಅದಕ್ಕೇ ಎರಡೂ ಲಿಪಿ ಅಕ್ಕಪಕ್ಕ ಅಂದಿದ್ದು. ಒಂದೇ ಸಾಲು ಎರಡು ಲಿಪಿಯಲ್ಲಿ ಎದುರಿಗಿದ್ದರೆ ತೆಲುಗು ಬಲ್ಲವರು ಕನ್ನಡ ಅಕ್ಷರ ಕಲಿಯೋಕೆ ತುಂಬಾ ದಿನ ಬೇಕಾಗಲ್ಲ. ಈಗ ಆ ಮಕ್ಕಳಿಗೆ ಮನೆಮಾತಿನಲ್ಲಿ ಓದೋಕೆ ಏನೂ ಸಿಗದೇ ಇರೋದೇ ದೊಡ್ಡ ಪೆಟ್ಟು ಅಂತ ನನಗನಿಸುತ್ತೆ. ಶಾಲೆಯ ಪ್ರಶ್ನೆ ಸರ್ಕಾರಗಳ ಮುಂದೆ ಇಡಬೇಕಾದ್ದು, ಅದನ್ನು ಯಾವ ಜಾಲತಾಣವೂ ಬಗೆಹರಿಸಲ್ಲ.